ಪಾರಿವಾಳಕ್ಕೆ ಐದು ಕೆಜಿ ನುಚ್ಚು ಬೇಳೆ

ಮೂರು ತಿಂಗಳ ಹಿಂದೆ ಒಂದು ಶನಿವಾರ ಭಾಲ್ಕಿ ಗಂಜ್‌ನ ಒಂದು ಕಿರಾಣಿ ಅಂಗಡಿಯಲ್ಲಿ ನಾನು ಸಿಕ್ಕಿಬಿದ್ದೆ. ದುಡ್ಡು ಕೊಟ್ಟು ಬೇಳೆ ಕೊಳ್ಳುವಾಗ.

ಅದರಲ್ಲಿ ಸಿಕ್ಕಿಬೀಳುವಂಥದ್ದೇನು ಅಂತೀರಾ? ಹೇಳ್ತೀನಿ ಕೇಳಿ.

ನಮ್ಮದು ಬೀದರದ ನೌಬಾದದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಯಜಮಾನರು ಖಾಸಗಿ ಶಾಲೆಯೊಂದರಲ್ಲಿ ಗಣಿತದ ಮಾಸ್ತರು (ಪಗಾರ ಕೇಳಬೇಡಿ, ಅವರೂ ಯಾರಿಗೂ ಹೇಳುವುದಿಲ್ಲ). ಇಬ್ಬರು ಮಕ್ಕಳು. ದೊಡ್ಡವಳಿಗೆ ಇಂಗ್ಲಿಷ್ ಟ್ಯೂಷನ್. ತಿಂಗಳ ಕೊನೆಯ ವಾರ ಎಣ್ಣೆ ಡಬ್ಬಿಯನ್ನು ಬೋರಲು ಹಾಕಿ ಕೊನೆಯ ಹನಿಗೆ ಕಾಯುವ ಮನೆ.

ಇಂಥ ಮನೆಗೆ ಭಾಲ್ಕಿ ದೊಡ್ಡ ಆಸರೆ. ಅಲ್ಲಿ ನುಚ್ಚು ಬೇಳೆ ಸಿಗುತ್ತದೆ. ಅಂದರೆ ಮಿಲ್ಲಿನಲ್ಲಿ ತೊಗರಿ ಒಡೆಯುವಾಗ ಚೂರಾಗಿ ಉಳಿದದ್ದು. ರುಚಿ ಅದೇ, ರೇಟು ಹೆಚ್ಚುಕಡಿಮೆ ಅರ್ಧ. ಮೇಲಾಗಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಫ್ರೀ. ಆಧಾರ್ ತೋರಿಸು, ಭಾಲ್ಕಿಗೆ ಹೋಗು, ಬೇಳೆ ಕಟ್ಟಿಸು, ವಾಪಸ್ ಬಾ.

ಇದರಲ್ಲಿ ನಾಚಿಕೊಳ್ಳುವಂಥದ್ದು ಏನಾದರೂ ಇದೆಯೇ? ಇಲ್ಲ. ಆದರೂ ಎರಡು ವರ್ಷ ನಮ್ಮ ಓಣಿಯಲ್ಲಿ ಒಂದು ನರಪಿಳ್ಳೆಗೂ ಬಾಯಿಬಿಟ್ಟಿರಲಿಲ್ಲ. ಭಾತಂಬ್ರಾಕ್ಕೆ ತವರಿಗೆ ಹೋಗಿ ಬರುತ್ತೇನೆ ಅಂತ ಹೇಳಿ ಹೊರಡುತ್ತಿದ್ದೆ (ತವರು ಭಾತಂಬ್ರಾವೇ. ಭಾಲ್ಕಿ ದಾಟಿ ಮುಂದೆ ಹೋಗುತ್ತಿರಲಿಲ್ಲ, ಅಷ್ಟೇ). ವಾಪಸ್ ಬರುವಾಗ ಬಸ್ ಸ್ಟ್ಯಾಂಡಿನ ಕಂಬದ ಹಿಂದೆ ನಿಂತು, ಬೇಳೆಯನ್ನು ಮಾಲ್‌ನ ಬಣ್ಣದ ಚೀಲಕ್ಕೆ ಸುರಿಯುತ್ತಿದ್ದೆ. ಜೀವಮಾನದಲ್ಲಿ ಒಂದೇ ಸಲ ಮಾಲ್‌ಗೆ ಹೋದಾಗ ಕೊಂಡ ಚೀಲ ಅದು. ಒಗೆದು, ಒಣಗಿಸಿ, ಮಡಚಿ ಇಡುತ್ತೇನೆ.

ಇಷ್ಟೆಲ್ಲ ನಾಟಕ ಯಾರಿಗಾಗಿ? ಪಕ್ಕದ ಮನೆಯ ಜುಬೇದಾ ಆಪಾ ಅವರಿಗಾಗಿ. ಅವರ ಯಜಮಾನರು ಟೇಲರ್. ನಮ್ಮಿಬ್ಬರ ಮನೆಗೂ ಒಂದೇ ಗೋಡೆ. ಒಮ್ಮೆ ಆಪಾ ಹುಣಸೆ ಹುಳಿ ಹಾಕಿದ ಖಟ್ಟೀ ದಾಲ್ ಮಾಡಿ ಒಂದು ಬಟ್ಟಲು ಕಳಿಸಿದ್ದರು. ಬೇಳೆ ಬೆಣ್ಣೆಯಂತೆ ಕರಗಿತ್ತು. ಬಟ್ಟಲು ವಾಪಸ್ ಕೊಡಲು ಹೋದಾಗ ಎಲ್ಲಿಂದ ತಂದಿರಿ ಅಂತ ಕೇಳಿದೆ. ಮಾಲ್‌ನಿಂದ, ತುಸು ತುಟ್ಟಿ, ಆದರೆ ನಮ್ಮ ಮನೆಯಲ್ಲಿ ಬೇರೆ ಬೇಳೆ ನಡೆಯುವುದಿಲ್ಲ ಅಂದರು. ನಾನು ಬಿಟ್ಟುಕೊಡುತ್ತೇನೆಯೇ? ನಮ್ಮದೂ ಅಲ್ಲಿಂದಲೇ ಅಂದುಬಿಟ್ಟೆ.

ಮನೆಗೆ ಬಂದು ಯಜಮಾನರ ಮುಂದೆ ಗೊಣಗಿದೆ. ಟೇಲರ್ ಮನೆಯಲ್ಲಿ ಮಾಲ್ ಬೇಳೆ, ಮಾಸ್ತರ ಮನೆಯಲ್ಲಿ ಚೂರು ಬೇಳೆ ಅಂದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ. ಅವರ ಮನೆಯಲ್ಲೂ ದುಡಿಯುವವರು ಒಬ್ಬರೇ, ಆಪಾ ಹೇಗೆ ಸಂಭಾಳಿಸುತ್ತಾರೆ ಅಂತ ಹೋಗಿ ಕಲಿತು ಬಾ ಅಂದರು. ಆಮೇಲೆ ಪ್ರತಿ ತಿಂಗಳ ಕೊನೆಗೂ ಅದೇ ಮಾತು.

ಈಗ ಆ ಶನಿವಾರಕ್ಕೆ ಬನ್ನಿ. ಅಂಗಡಿಯಲ್ಲಿ ನನಗಿಂತ ಮುಂದೆ ಬುರ್ಖಾ ತೊಟ್ಟ ಒಬ್ಬರು ಬೆನ್ನು ಮಾಡಿ ನಿಂತಿದ್ದರು. ಹೋದ ಸಲದ ನುಚ್ಚಿನಲ್ಲಿ ಕಲ್ಲಿದ್ದವು ಅಂತ ಅಂಗಡಿಯ ಸೇಠರನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಗೋಡೆಯಾಚೆಯಿಂದ ದಿನಾ ಕೇಳುವ ದನಿ! ಆದರೆ ಆಪಾ ಬೆಳಿಗ್ಗೆ ಔರಾದಕ್ಕೆ ಅಮ್ಮನ ಮನೆಗೆ ಅಂತ ಹೇಳಿ ಹೊರಟಿದ್ದರಲ್ಲ? ಔರಾದದ ದಾರಿಯೇ ಬೇರೆಯಲ್ಲವೇ?

ಮೆಲ್ಲಗೆ ಹಿಂದೆ ಸರಿದೆ. ಸರಿದದ್ದು ಒಣಮೆಣಸಿನಕಾಯಿ ಚೀಲಗಳ ನಡುವೆ. ಸೀನು ಬಂತು. ಒಂದಲ್ಲ, ನಾಲ್ಕು.

ಆಪಾ ತಿರುಗಿದರು.

ನಾನೇ ಮೊದಲು ಶುರುಮಾಡಿದೆ. ಮನೆ ಮೇಲೆ ಪಾರಿವಾಳ ಬರುತ್ತವೆ, ಅವಕ್ಕೆ ಹಾಕಲು ಸ್ವಲ್ಪ ನುಚ್ಚು ಬೇಕಿತ್ತು ಅಂದೆ. ಆಪಾ ತಮ್ಮದು ಅಣ್ಣನ ಮನೆಯ ಆಡಿಗೆ ಅಂದರು. ಆಡು ಈದು ವಾರವಾಯಿತಂತೆ. ನಾನು ಅಯ್ಯೋ ಪಾಪ ಅಂದೆ. ಇಬ್ಬರ ಮರ್ಯಾದೆಯೂ ಉಳಿಯಿತು ಅನ್ನುವಷ್ಟರಲ್ಲಿ ಸೇಠರು ತಕ್ಕಡಿ ಹಿಡಿದು ನನ್ನ ಕಡೆ ನೋಡಿದರು.

"ಅಕ್ಕಾರ, ನಿಮ್ಮ ಪಾರಿವಾಳಕ್ಕ ಯಾವಾಗಿನಂಗ ಐದ್ ಕೆಜಿನೇ ಕಟ್ಲೇನ್ರಿ?"

ಪಾಪ, ನಿಜವೆಂದೇ ನಂಬಿ ಕೇಳಿದರು. ಅಷ್ಟಕ್ಕೆ ಸುಮ್ಮನಾಗದೆ, ಆಪಾ ಅವರ ಆಡಿಗೆ ಹೋದ ಸಲದಂತೆ ಹುಣಸೆಹಣ್ಣೂ ಬೇಕೋ ಅಂತ ವಿಚಾರಿಸಿದರು.

ಆಪಾ ಮುಖ ಮುಚ್ಚಿಕೊಂಡರು. ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾರೆ ಅಂದುಕೊಂಡು ಹತ್ತಿರ ಹೋದೆ. ನಗುತ್ತಿದ್ದರು. ನನಗೂ ತಡೆಯಲಾಗಲಿಲ್ಲ. ಅಂಗಡಿ ಮುಂದಿನ ಹಮಾಲರೆಲ್ಲ ನಿಂತು ನೋಡಿದರು.

ವಾಪಸ್ ಬಸ್ಸಿನಲ್ಲಿ ಅಕ್ಕಪಕ್ಕ ಕೂತೆವು. ತೊಡೆಯ ಮೇಲೆ ಬೇಳೆ. ಅರ್ಧ ದಾರಿಯವರೆಗೂ ನಗುತ್ತಲೇ ಇದ್ದ ಆಪಾ ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿದರು.

"ಭಾಭಿ, ನಿಮ್ಮ ಮನಿ ತೋರ್ಸಿ ನಮ್ಮವರು ನನಗ ದಿನಾ ಬೈತಾರ್ರಿ. ಮಾಸ್ತರ ಮನ್ಯಾಗ ಮಾಲ್ ಬ್ಯಾಳಿ ತಿಂದು ಮಗಳಿಗಿ ಟ್ಯೂಷನ್ನೂ ಹಚ್ಚ್ಯಾರ, ನಿನಗ್ಯಾಕ ಆಗಲ್ಲ ಅಂತಾರ. ರೊಕ್ಕ ಜಾಸ್ತಿ ಕೇಳಿದ್ರ ಕೊಡಲ್ರಿ, ಅದಕ್ಕ ಈ ತಿಂಗಳ ಸಾನಿಯಾನ ಟ್ಯೂಷನ್ ಬಿಡಿಸೀನ್ರಿ."

ಸಾನಿಯಾ ಅವರ ಮಗಳು. ಹತ್ತನೇ ಕ್ಲಾಸು. ಗಣಿತ ಅಂದರೆ ಹೆದರುವ ಹುಡುಗಿ.

ನನ್ನ ನಗು ನಿಂತಿತು. ನಾನು ಒಗೆದು ಮಡಚಿ ಇಡುವ ಒಂದು ಚೀಲ, ಗೋಡೆಯಾಚೆಯ ಹುಡುಗಿಯ ಪಾಠ ನಿಲ್ಲಿಸಿತ್ತು. ನಿಮ್ಮ ಹೆಸರು ಹೇಳಿ ನಮ್ಮ ಮನೆಯಲ್ಲೂ ಇದೇ ಬೈಗುಳ ಅಂತ ಹೇಳಿದೆ. ಆಪಾ ನನ್ನನ್ನೇ ನೋಡಿದರು. ಆಮೇಲೆ ನನ್ನ ಕೈ ಹಿಡಿದುಕೊಂಡವರು ನೌಬಾದ ಬರುವವರೆಗೂ ಬಿಡಲಿಲ್ಲ.

ಇಳಿದು ನೇರ ಟೇಲರ್ ಸಾಹೇಬರ ಮುಂದೆ ಹೋಗಿ ನನ್ನ ಗಂಟು ಬಿಚ್ಚಿ ಇಟ್ಟೆ. ಎರಡು ವರ್ಷದಿಂದ ನಾವು ತಿನ್ನುತ್ತಿರುವುದು ಇದನ್ನೇ ಅಂದೆ. ಅವರು ಒಂದು ಚಿಟಿಕೆ ತೆಗೆದು, ಬಟ್ಟೆ ಪರೀಕ್ಷೆ ಮಾಡುವಂತೆ ಎರಡು ಬೆರಳಲ್ಲಿ ಹೊಸಕಿ ನೋಡಿದರು. ನಮ್ಮ ಬೇಳೆಗಿಂತ ಇದು ಇನ್ನೂ ಸಣ್ಣದಿದೆ ಅಂದರು. ದನಿಯಲ್ಲಿ ತುಸು ಹೆಮ್ಮೆಯೇ ಇತ್ತು. ಆಮೇಲೆ ಹೆಂಡತಿಯ ಕಡೆ ತಿರುಗಿ ನೋಡಿದರು. ಎದ್ದು ಹೋಗಿ ತಾವೇ ಚಹಾಕ್ಕಿಟ್ಟರು.

ಈಗ ಸಾನಿಯಾ ಸಂಜೆ ನಮ್ಮ ಮನೆಗೆ ಬರುತ್ತಾಳೆ. ಯಜಮಾನರು ಗಣಿತ ಹೇಳಿಕೊಡುತ್ತಾರೆ. ಫೀ ತಗೊಳ್ಳುವುದಿಲ್ಲ ಅಂದಿದ್ದಕ್ಕೆ ಟೇಲರ್ ಸಾಹೇಬರು ನಮ್ಮ ಮಕ್ಕಳ ಯೂನಿಫಾರ್ಮ್ ಹೊಲಿದುಕೊಟ್ಟರು, ಮುಂದಿನ ವರ್ಷಕ್ಕೂ ಆಗುವಂತೆ ತೋಳು ಉದ್ದ ಬಿಟ್ಟು. ನಾನು, ಆಪಾ ಒಟ್ಟಿಗೆ ಭಾಲ್ಕಿಗೆ ಹೋಗುತ್ತೇವೆ. ಚೌಕಾಸಿಯಲ್ಲಿ ಆಪಾ ಅವರನ್ನು ಮೀರಿಸುವವರಿಲ್ಲ.

ನಿಮ್ಮ ಓಣಿಯಲ್ಲೂ ಇಂಥ ಎರಡು ಮನೆಗಳು ಇದ್ದೇ ಇರುತ್ತವೆ. ಬಹುಶಃ ಒಂದು ನಿಮ್ಮದೇ. ಕದ್ದದ್ದನ್ನು ಮುಚ್ಚಿಡುತ್ತಾರೆ, ಸರಿ.

ಉಳಿಸಿದ್ದನ್ನು ನಾವು ಯಾಕೆ ಮುಚ್ಚಿಡುತ್ತೇವೆ?