ದುಭಾಷಿಯ ಪಕ್ಕದ ಸೀಟು

ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದ ನನಗೆ ಇಂಗ್ಲಿಷ್ ಸಿನಿಮಾ ಅರ್ಥವಾಗುವುದಿಲ್ಲ. ಈ ಗುಟ್ಟನ್ನು ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಹೋದ ತಿಂಗಳು ಹೆಬ್ಬಾಳದ ಹತ್ತಿರದ ಮಾಲ್ ಒಂದರಲ್ಲಿ ಹೇಗೂ ಬಯಲಾಗಿದೆ, ಆದ್ದರಿಂದ ನಿಮಗೂ ಹೇಳಿಬಿಡುತ್ತೇನೆ. ಪುಸ್ತಕದ ಇಂಗ್ಲಿಷ್ ಮರ್ಯಾದಸ್ಥ. ನಾನು ಕನ್ನಡಕ ಹುಡುಕಿಕೊಳ್ಳುವ ತನಕ ಕಾಯುತ್ತದೆ. ಬಾಯಿಯ ಇಂಗ್ಲಿಷಿಗೆ ಆ ವ್ಯವಧಾನವಿಲ್ಲ.

ಸಿನಿಮಾ ಅಮೆರಿಕದ ಗುಲಾಮಗಿರಿಯ ಕಾಲದ್ದು. ಪ್ರಶಸ್ತಿಗಳನ್ನು ಬಾಚಿಕೊಂಡು ಬಂದಿತ್ತು. ಸಂಜಯನಗರದ ಪಾರ್ಕಿನಲ್ಲಿ ನನ್ನ ಜೊತೆ ವಾಕಿಂಗ್ ಮಾಡುವವರು ಅದನ್ನು ನೋಡಿ ಬಂದ ಮರುದಿನ ಎರಡು ಸುತ್ತು ಮಾತಿಲ್ಲದೆ ನಡೆದರು. ಮೂರನೇ ಸುತ್ತಿಗೆ ಒಬ್ಬರು, "ಫೋಟೋಗ್ರಫಿ ಸೂಪರ್ ಸಾರ್" ಎಂದರು. ಚೆನ್ನಾಗಿ ಅತ್ತು ಬಂದ ಗಂಡಸರು ಫೋಟೋಗ್ರಫಿಯನ್ನು ಹೊಗಳುತ್ತಾರೆ ಎಂಬುದು ನನ್ನ ಅನುಭವ. ಹೆಚ್ಚು ಅತ್ತವರು ಹಿನ್ನೆಲೆ ಸಂಗೀತವನ್ನೂ ಸೇರಿಸುತ್ತಾರೆ.

ಸರಿ, ಒಂದು ಮಂಗಳವಾರ ಮಧ್ಯಾಹ್ನ ನನ್ನ ಹೆಂಡತಿ ವಿಮಲಾಳನ್ನು ಕರೆದುಕೊಂಡು ಹೋದೆ. ಪರದೆಯ ಕೆಳಗೆ ಅಕ್ಷರಗಳು ಬರುತ್ತವೆ, ಓದಿಕೊಂಡರಾಯಿತು ಎಂಬ ಧೈರ್ಯವಿತ್ತು. ಅಂದು ಅದೇಕೋ ಅಕ್ಷರಗಳೇ ಬರಲಿಲ್ಲ. ಪರದೆಯ ಮೇಲಿನವರೋ, ಧಣಿಗಳಿಂದ ಹಿಡಿದು ಆಳುಗಳ ತನಕ ಎಲ್ಲರೂ, ಬಾಯಿ ತುಂಬ ಎಲೆಯಡಿಕೆ ಇಟ್ಟುಕೊಂಡವರಂತೆ ಮಾತಾಡುತ್ತಿದ್ದರು. ವಿಮಲಾ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಐದು ನಿಮಿಷಕ್ಕೊಮ್ಮೆ ನನ್ನ ಕಡೆ ವಾಲಿ, "ಏನಂತೆ ರೀ?" ಎನ್ನುತ್ತಿದ್ದಳು. ಮೇಷ್ಟರಾಗಿದ್ದವರಿಗೆ "ಗೊತ್ತಿಲ್ಲ" ಎನ್ನುವ ಅಭ್ಯಾಸ ಇರುವುದಿಲ್ಲ. ನಾನು ನಟರ ಮುಖ ನೋಡಿಕೊಂಡು ಕಥೆ ಹೊಸೆದು ಹೇಳತೊಡಗಿದೆ.

ನನ್ನ ಇನ್ನೊಂದು ಪಕ್ಕದಲ್ಲಿ ಇಪ್ಪತ್ತೈದರ ಆಸುಪಾಸಿನ ಒಬ್ಬ ಹುಡುಗಿ ಕೂತಿದ್ದಳು. ಅವಳಾಚೆ ಬುರ್ಖಾ ತೊಟ್ಟ ಅವಳ ಅಜ್ಜಿ. ಆ ಅಜ್ಜಿಯದೂ ವಿಮಲಾಳ ಪ್ರಶ್ನೆಯೇ: "ಕ್ಯಾ ಬೋಲಾ ಉನೆ?" ಹುಡುಗಿ ಮನೆಮಾತಿನಲ್ಲಿ, ದಖನಿ ಉರ್ದುವಿನಲ್ಲಿ, ಪಿಸುಗುಟ್ಟುತ್ತಿದ್ದಳು. ಹೀಗೆ ಎರಡು ಅನುವಾದಗಳ ನಡುವೆ ಸಿನಿಮಾ ಸಾಗಿತ್ತು.

ಒಂದು ದೃಶ್ಯದಲ್ಲಿ ಧಣಿ ಒಬ್ಬ ಆಳನ್ನು ಕರೆದು ಏನೋ ಹೇಳಿದ. ಆಳು ತಲೆ ತಗ್ಗಿಸಿದ. "ಹತ್ತಿ ಬಿಡಿಸೋ ಕೆಲಸ ಮುಗೀತು, ಮನೆಗೆ ಹೋಗು ಅಂತಿದ್ದಾನೆ" ಎಂದು ವಿಮಲಾಳಿಗೆ ಹೇಳಿದೆ. ಅದೇ ಹೊತ್ತಿಗೆ ಹುಡುಗಿ ಅಜ್ಜಿಗೆ ಹೇಳಿದ್ದೇ ಬೇರೆ: ಅವನನ್ನು ಮಾರಿಬಿಟ್ಟಿದ್ದಾರೆ, ಬೆಳಗ್ಗೆ ಕರೆದೊಯ್ಯುತ್ತಾರೆ, ಹೆಂಡತಿ ಮಗಳು ಇಲ್ಲೇ ಉಳಿಯಬೇಕು. ಮೊದಲು ಆರ್.ಟಿ. ನಗರದಲ್ಲಿ ದಖನಿ ಮಾತಿನ ನೆರೆಹೊರೆಯವರ ನಡುವೆ ಮೂವತ್ತು ವರ್ಷ ಬಾಳಿದ ನಮಗೆ ಅದು ಅರ್ಥವಾಗದ ಭಾಷೆಯೇನಲ್ಲ. ವಿಮಲಾ ನೆಟ್ಟಗೆ ಕೂತಳು. "ರೀ, ಆ ಹುಡುಗಿ ಬೇರೇನೋ ಹೇಳ್ತಿದ್ದಾಳಲ್ಲಾ!"

ಆಗ ನಾನು ಮಾಡಿದ ಕೆಲಸ ಹೇಳಲು ನಾಚಿಕೆಯಾಗುತ್ತದೆ. ಹುಡುಗಿಯ ಕಡೆ ತಿರುಗಿ, ಕ್ಲಾಸಿನ ದನಿಯಲ್ಲಿ, "ಶ್! ಸೈಲೆನ್ಸ್ ಪ್ಲೀಸ್!" ಎಂದೆ. ಅವಳು "ಸಾರಿ ಅಂಕಲ್" ಎಂದು ಬಾಯಿ ಮುಚ್ಚಿದಳು. ಸುತ್ತಲಿನವರು ನನ್ನನ್ನು ದೊಡ್ಡ ರಸಿಕನೆಂದೇ ತಿಳಿದಿರಬೇಕು. ನಾನು ಗದರಿದ್ದು ನಿಶ್ಶಬ್ದಕ್ಕಾಗಿ ಅಲ್ಲ, ಅವಳು ನನ್ನ ಸುಳ್ಳಿಗೆ ಅಡ್ಡ ಬಂದಳೆಂದು.

ಅಷ್ಟರಲ್ಲಿ ಇಂಟರ್ವಲ್. ಕರುಣರಸದಿಂದಲೂ ಆನಂದ ಹೇಗೆ ಹುಟ್ಟುತ್ತದೆಂದು ನಮ್ಮ ಅಲಂಕಾರ ಶಾಸ್ತ್ರದವರು ಬಹಳ ತಲೆ ಕೆಡಿಸಿಕೊಂಡಿದ್ದಾರೆ. ಪಾಪ, ಅವರ ಕಾಲದಲ್ಲಿ ಇಂಟರ್ವಲ್ ಇರಲಿಲ್ಲ. ಕಣ್ಣೊರೆಸಿಕೊಂಡ ಕೈಯಲ್ಲೇ ಜನ ಪಾಪ್‌ಕಾರ್ನ್ ಹಿಡಿದು, ಚೀಸ್ ಕಮ್ಮಿಯಾಯಿತೆಂದು ಜಗಳವಾಡುತ್ತಿದ್ದರು. ನಾನೂ ಆಡಿದೆ. ಮುಂದಿದ್ದ ಹುಡುಗನೊಬ್ಬ ಗೆಳೆಯನಿಗೆ, "ಮಗಾ, ಒಂದ್ ಡೈಲಾಗೂ ಅರ್ಥ ಆಗ್ಲಿಲ್ಲ, ಆದ್ರೂ ಅಳು ಬರ್ತಿದೆ ಕಣೋ" ಎಂದ. ಅಷ್ಟು ಸಲೀಸಾಗಿ ಸತ್ಯ ಹೇಳಿದ ಅವನನ್ನು ಕಂಡು ಹೊಟ್ಟೆ ಉರಿಯಿತು.

ಇಂಟರ್ವಲ್ ಮುಗಿದ ಮೇಲೆ ಆ ಆಳಿನ ಹೆಂಡತಿಯನ್ನೂ ಮಾರಿದರು, ಬೇರೆ ಕಡೆಗೆ. ಅಷ್ಟು ನನಗೂ ತಿಳಿಯಿತು. ಹೊರಡುವ ಮುನ್ನ ಅವಳು ಮಗಳನ್ನು ಮುಂದೆ ಕೂರಿಸಿಕೊಂಡು, ತಗ್ಗಿದ ದನಿಯಲ್ಲಿ ಏನೋ ಹೇಳತೊಡಗಿದಳು. ಸಂಗೀತವಿಲ್ಲ, ಅಳುವಿಲ್ಲ, ಬರೀ ಮಾತು. ಇಡೀ ಸಿನಿಮಾ ಆ ಮಾತಿನಲ್ಲೇ ಇದೆ ಎಂದು ಯಾರಿಗಾದರೂ ತಿಳಿಯುತ್ತಿತ್ತು, ಆ ಮಾತು ಏನೆಂಬುದೊಂದು ಮಾತ್ರ ನನಗೆ ತಿಳಿಯಲಿಲ್ಲ. ವಿಮಲಾ ನನ್ನ ತೋಳು ಹಿಡಿದಳು. "ಏನ್ ಹೇಳ್ತಿದ್ದಾಳೆ ರೀ? ಸರಿಯಾಗಿ ಕೇಳಿಸ್ಕೊಳ್ಳಿ." ಅತ್ತ ಅಜ್ಜಿ ಮೊಮ್ಮಗಳ ತೋಳು ಹಿಡಿದಿದ್ದಳು. ಹುಡುಗಿ ಬಾಯಿ ತೆರೆಯಲಿಲ್ಲ. ನನ್ನತ್ತ ನೋಡಿದಳು. ಪರದೆಯ ಮೇಲಿನ ಆಳುಗಳು ಧಣಿಯನ್ನು ನೋಡುತ್ತಿದ್ದ ಹಾಗೆಯೇ, ಮಾತಾಡಬಹುದೇ ಎಂದು ಕೇಳುವ ನೋಟ.

"ಹೇಳಮ್ಮಾ," ಎಂದೆ. "ಜೋರಾಗೇ ಹೇಳು. ನಂಗೂ ಅರ್ಥ ಆಗ್ಲಿಲ್ಲ. ಮೊದಲಿಂದಾನೂ ಆಗಿಲ್ಲ."

ಅವಳು ಅಜ್ಜಿಗೆ ದಖನಿಯಲ್ಲಿ ಹೇಳಿ, ಆಮೇಲೆ ನಮ್ಮ ಕಡೆ ತಿರುಗಿದಳು. "ಜಡೆ ಹಾಕೋದು ಹೇಳ್ಕೊಡ್ತಿದ್ದಾಳೆ ಅಂಕಲ್. ನಾಳೆಯಿಂದ ನಾನ್ ಇರಲ್ಲ, ನೀನೇ ಹಾಕ್ಕೋಬೇಕು. ಮೂರು ಭಾಗ ಮಾಡ್ಕೋ, ಬಿಗಿಯಾಗಿ ಹಿಡ್ಕೋ ಅಂತಿದ್ದಾಳೆ."

ಅಜ್ಜಿ ಬುರ್ಖಾದ ಅಂಚನ್ನು ಕಣ್ಣಿಗೊತ್ತಿಕೊಂಡಳು. ವಿಮಲಾ ಬಿಕ್ಕಿದಳು. ನನಗೂ ಅಳು ಬಂತು, ಅದೂ ಸದ್ದು ಮಾಡಿಕೊಂಡು. ಹಿಂದಿನ ಸಾಲಿನಿಂದ ಯಾರೋ ಬಗ್ಗಿ, "ಸ್ವಲ್ಪ ನಮ್ಗೂ ಕೇಳೋ ಹಾಗೆ ಹೇಳ್ರೀ ಮೇಡಂ" ಎಂದರು. ಅಲ್ಲಿಂದ ಕೊನೆಯ ತನಕ ಮೂರು ಸಾಲಿಗೂ ಅವಳೇ ದುಭಾಷಿ. ಯಾರೂ "ಶ್" ಎನ್ನಲಿಲ್ಲ.

ಹೊರಗೆ ಬಂದಾಗ, ಅಂಥ ಇಂಗ್ಲಿಷನ್ನು ಎಲ್ಲಿ ಕಲಿತೆಯಮ್ಮಾ ಎಂದು ಕೇಳಿದೆ. "ಕಲಿಯೋದೇನು ಅಂಕಲ್, ನಾನು ಕಸ್ಟಮರ್ ಸಪೋರ್ಟ್. ಫ್ರಿಜ್ ಕೆಟ್ಟೋಯ್ತು ಅಂತ ಅಮೆರಿಕದ ಆ ಕಡೆ ಜನ ಫೋನಲ್ಲಿ ದಿನಾ ಒಂಬತ್ತು ಗಂಟೆ ಬೈತಾರೆ. ಬೈಸ್ಕೊಂಡು ಬೈಸ್ಕೊಂಡು ಬಂತು" ಎಂದು ನಕ್ಕಳು. ಅವಳ ಹೆಸರು ಆಯೆಷಾ, ತಣಿಸಂದ್ರದವಳು, ಅಂದು ಅವಳಿಗೆ ವಾರದ ರಜೆ. ಗದರಿದ್ದಕ್ಕೆ ಕ್ಷಮೆ ಕೇಳಿದೆ. "ಅಯ್ಯೋ ಬಿಡಿ ಅಂಕಲ್" ಎಂದು ಅಜ್ಜಿಯ ಕೈಹಿಡಿದು ಎಸ್ಕಲೇಟರ್ ಇಳಿಸಿದಳು.

ಆಟೋದಲ್ಲಿ ವಿಮಲಾ ರಸ್ತೆಯನ್ನೇ ನೋಡುತ್ತ ಕೂತಳು. ನನಗೆ ತಕ್ಕ ಶಾಸ್ತಿ ಕಾದಿದೆಯೆಂದು ಮುದುರಿ ಕೂತಿದ್ದೆ. ಎಷ್ಟು ವರ್ಷದಿಂದ ಎಷ್ಟು ಸಿನಿಮಾಗಳಿಗೆ ಹೀಗೆ ಮಾಡಿದ್ದೀರಿ ಎಂದು ಕೇಳಿಯಾಳೆಂದು ಮನಸ್ಸಿನಲ್ಲೇ ಎಣಿಸತೊಡಗಿದೆ. ಮೇಲ್ಸೇತುವೆ ಇಳಿದು ನಮ್ಮ ರಸ್ತೆಗೆ ತಿರುಗುವಾಗ ಅವಳು ಮೆಲ್ಲಗೆ ಹೇಳಿದಳು:

"ನೀವು ಹೇಳಿದ್ದೂ ಚೆನ್ನಾಗೇ ಇತ್ತು ಬಿಡ್ರೀ. ಅದ್ರಲ್ಲಿ ಅವನು ಮನೆಗೆ ಹೋಗಿದ್ದ."