ಕಾಮಣ್ಣನಿಗೆ ನಮ್ಮ ಒಲೆಯ ಬೆಂಕಿ

ಹುಡುಗಾಟ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ. ಯಾರೋ ದೊಡ್ಡ ಮನುಷ್ಯರು ಕಾಲೇಜಿನ ದಿನಗಳಲ್ಲಿ ಮಾಡಿದ್ದೇನೋ ಹೊರಗೆ ಬೀಳುತ್ತದೆ. ಪೇಪರಿನವರು ನಾಲ್ಕು ದಿನ ಬರೆಯುತ್ತಾರೆ. ಆಮೇಲೆ ತಿಳಿದವರು ಅನ್ನಿಸಿಕೊಂಡ ಒಬ್ಬರು ಎದ್ದು, ಅದು ಹುಡುಗಾಟ, ಆ ಕಾಲವೇ ಹಾಗಿತ್ತು ಅನ್ನುತ್ತಾರೆ. ಎಲ್ಲರೂ ತಲೆಯಾಡಿಸಿ ಮನೆಗೆ ಹೋಗುತ್ತಾರೆ. ಆ ಕಾಲ ಹೇಗಿತ್ತು ಅಂತ ನನ್ನನ್ನು ಯಾರಾದರೂ ಕೇಳಬೇಕಿತ್ತು. ಆ ಕಾಲದಲ್ಲಿ ನಾನು ಒಲೆಯ ಪಕ್ಕದಲ್ಲೇ ಕೂತಿದ್ದೆ.

ನಮ್ಮೂರು ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ದಾರಿಯಲ್ಲಿ ಬರುತ್ತದೆ. ಬಸ್ಸಿಳಿದು ಒಳಗೆ ನಡೆಯಬೇಕು. ಊರು ಹಳ್ಳದ ಆಚೆ, ನಮ್ಮ ಕೇರಿ ಈಚೆ. ಊರಿನಿಂದ ಹಳ್ಳ ದಾಟಿ ಕೇರಿಗೆ ಕಾಲಿಟ್ಟರೆ ಮೊದಲು ಸಿಗುವುದೇ ನಮ್ಮ ಮನೆ. ಮೊದಲ ಮನೆ ಅನ್ನುವ ಒಂದೇ ಕಾರಣಕ್ಕೆ, ಹೋಳಿ ಹುಣ್ಣಿಮೆಯಲ್ಲಿ ಊರಿನ ಕಾಮಣ್ಣನನ್ನು ಸುಡುವ ಬೆಂಕಿ ನಮ್ಮ ಒಲೆಯಿಂದಲೇ ಹೋಗಬೇಕಿತ್ತು. ನಾವಾಗಿ ಕೊಟ್ಟರೆ ನಡೆಯದು. ಊರಿನ ಹುಡುಗರು ನುಗ್ಗಿ ಕದ್ದುಕೊಂಡೇ ಹೋಗಬೇಕು. ಬಾಯಿ ಬಡಿದುಕೊಳ್ಳುತ್ತಾ, ಹೊಲಸು ಬೈಯುತ್ತಾ, ನಮ್ಮ ಜಾತಿಯ ಹೆಸರನ್ನು ತಮಟೆಯಂಥ ಹಲಗೆಯ ಬಡಿತಕ್ಕೆ ಸರಿಯಾಗಿ ಕೂಗುತ್ತಾ ಬರಬೇಕು. ಅದು ಪದ್ಧತಿ.

ಪದ್ಧತಿಯ ಚಂದ ನೋಡಿ. ನಮ್ಮ ಕೊಡದ ನೀರು ಅವರಿಗೆ ಆಗುತ್ತಿರಲಿಲ್ಲ. ನಮ್ಮ ಕೈ ತಾಗಿದ ರೊಟ್ಟಿ ಆಗುತ್ತಿರಲಿಲ್ಲ. ಬೆಂಕಿ ಮಾತ್ರ ನಮ್ಮದೇ ಬೇಕು, ಯಾಕೆಂದರೆ ಕಾಮಣ್ಣನಂಥವನನ್ನು ಸುಡಲು ಮೈಲಿಗೆಯ ಬೆಂಕಿಯೇ ಸರಿಯಂತೆ. ಅದೇ ಬೆಂಕಿ ಕಾಮಣ್ಣನ ಮೈಗೆ ಹತ್ತಿದ್ದೇ ತಡ, ಮಡಿಯಾಗಿಬಿಡುತ್ತಿತ್ತು. ಊರಿನ ಹೆಂಗಸರು ಆ ಕೆಂಡವನ್ನು ಮನೆಗೆ ಒಯ್ದು ಕಡಲೆ ಹುರಿಯುತ್ತಿದ್ದರು, ಒಲೆ ಹಚ್ಚುತ್ತಿದ್ದರು. ಅವತ್ತು ಊರಿನ ಒಲೆಗಳಲ್ಲೆಲ್ಲ ಉರಿಯುತ್ತಿದ್ದುದು ನನ್ನ ಅವ್ವನ ಬೆಂಕಿ. ಅವ್ವ ಮಾತ್ರ ಕಾಮಣ್ಣನ ಕಟ್ಟೆಯ ಹತ್ತಿರ ಸುಳಿಯುವಂತಿರಲಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನಿನ್ನೂ ಪ್ರೈಮರಿ ಶಾಲೆಯಲ್ಲಿದ್ದೆ. ಅಪ್ಪ ತೀರಿಕೊಂಡಿದ್ದ. ಅವ್ವ ಕೂಲಿಗೆ ಹೋಗುವವಳಾದ್ದರಿಂದ ನಸುಕಿನಲ್ಲೇ ಒಲೆ ಹಚ್ಚಿ ನುಚ್ಚಿನ ಗಡಿಗೆ ಏರಿಸಿದ್ದಳು. ಹಲಗೆಯ ಸದ್ದು ಹಳ್ಳ ದಾಟುವುದು ಕೇಳಿ ನನ್ನನ್ನು ಗೋಡೆಯ ಕಡೆಗೆ ಸರಿಸಿದಳು. ಗುಂಪಿನ ಮುಂದಾಳು ಊರಿನ ದೊಡ್ಡ ಮನೆಯ ಮಗ. ದಾವಣಗೆರೆಯಲ್ಲಿ ಕಾಲೇಜು ಓದುತ್ತಿದ್ದ, ಹಬ್ಬಕ್ಕೆಂದೇ ಬಂದಿದ್ದ, ಅಗಲ ಕಾಲಿನ ಪ್ಯಾಂಟು ಹಾಕಿದ್ದ. ಉಳಿದ ದಿನಗಳಲ್ಲಿ ನಮ್ಮ ನೆರಳು ಬಿದ್ದರೂ ಸರಿದು ನಡೆಯುವ ಮನೆತನ. ಅವತ್ತು ಚಪ್ಪಲಿ ಮೆಟ್ಟಿಕೊಂಡೇ ನಮ್ಮ ಒಲೆಯ ತನಕ ಬಂದ.

ಬಂದವನು ಬಗ್ಗಿ ಉರಿಯುವ ಕೊಳ್ಳಿಯೊಂದನ್ನು ಜಗ್ಗಿದ. ಗಡಿಗೆ ವಾಲಿ ಕುದಿಯುವ ನುಚ್ಚು ಅವ್ವನ ಎಡಗಾಲ ಮೇಲೆ ಬಿತ್ತು. ಅವ್ವ ಚೀರಿದಳು. ಅಷ್ಟೂ ಜನ ಬಾಯಿಗೆ ಕೈ ಬಡಿದುಕೊಂಡು ಲಬೋ ಲಬೋ ಅನ್ನುತ್ತಿದ್ದರಲ್ಲ, ಆ ಗದ್ದಲದಲ್ಲಿ ಅವಳ ಚೀರಾಟವೂ ಸೇರಿಹೋಯಿತು. ಅವ್ವನೂ ಹಬ್ಬ ಮಾಡುತ್ತಿದ್ದಾಳೆ ಅಂದುಕೊಂಡನೋ ಏನೋ, ಅವನು ನಕ್ಕ. ಕೊಳ್ಳಿಯನ್ನು ತಲೆಯ ಮೇಲೆ ಎತ್ತಿ ಹಿಡಿದು, ಕುಣಿಯುತ್ತಾ ಹೋದ. ಅವನು ತಿರುಗಿ ನೋಡಲಿಲ್ಲ, ಆದ್ದರಿಂದ ಅವನಿಗೆ ಗೊತ್ತಾಗಲೂ ಇಲ್ಲ.

ಅವನು ದಾವಣಗೆರೆಗೆ ಹೋದ ಮೇಲೆ ಕೇರಿಯ ಹಿರಿಯರು ಹೋಗಿ ಊರಿನ ಕಟ್ಟೆಯ ಕೆಳಗೆ ನಿಂತು ಹೇಳಿದರು. "ಹಬ್ಬದಾಗ ಆಗತೈತಿ ಬಿಡ್ರಲೇ, ಹುಡುಗಾಟ," ಅಂದರಂತೆ ಮೇಲೆ ಕೂತವರು. ಸಮಾಧಾನಕ್ಕೆ ಒಂದು ಮುಷ್ಟಿ ಹುರಿಗಡಲೆ ಕಳಿಸಿದರು, ಕಾಮನ ಬೆಂಕಿಯಲ್ಲಿ ಹುರಿದದ್ದು. ಅವ್ವ ಅದನ್ನು ಕೋಳಿಗಳಿಗೆ ಹಾಕಿದಳು. ಕಾಲು ಮಾಯುವಷ್ಟರಲ್ಲಿ ಬೇಸಿಗೆ ಮುಗಿದಿತ್ತು. ಎರಡು ಬೆರಳು ಒಂದಕ್ಕೊಂದು ಅಂಟಿಕೊಂಡೇ ಉಳಿದವು, ನಡಿಗೆ ಒಂದು ಕಡೆಗೆ ವಾಲಿತು.

ಆಮೇಲಿನ ವರ್ಷಗಳಲ್ಲೂ ಹುಡುಗರು ಬಂದರು. ಮುಂದಾಳುಗಳು ಬದಲಾದರು, ಅಷ್ಟೇ. ಹೋಳಿ ಹತ್ತಿರ ಬಂದರೆ ಅವ್ವನ ಮುಖ ಇಳಿಯುತ್ತಿತ್ತು. ಅವಳಿಗೆ ಈ ಜನ್ಮದಲ್ಲಿ ಬೇಕಾಗಿದ್ದದ್ದು ಒಂದೇ, ತನ್ನ ಒಲೆಗೆ ಯಾರೂ ಬರಬಾರದು. ನಾನು ಓದಿ, ಟೀಚರ್ ಕೆಲಸ ಸಿಕ್ಕಿ, ಹಗರಿಬೊಮ್ಮನಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದಾಗ ನನ್ನ ಜೊತೆ ಬಾ ಅಂದೆ. ಬರಲಿಲ್ಲ.

"ನನ್ನ ಮನಿ ಬಿಟ್ಟು ನಾ ಯಾಕ ಓಡಿಹೋಗಲಿ? ಬರೋರು ಬರಾದು ಬಿಡಲಿ," ಅಂದಳು.

ಮಂಡಲ ಪಂಚಾಯಿತಿಗಳು ಬಂದ ಕಾಲಕ್ಕೆ ಆ ಕಾಲೇಜು ಹುಡುಗ ವಕೀಲರಾಗಿದ್ದರು. ಹರಪನಹಳ್ಳಿಯಲ್ಲಿ ಆಫೀಸು, ಬಿಳಿ ಬಟ್ಟೆ, ಸಮಾನತೆಯ ಮೇಲೆ ಭಾಷಣ. ಶಾಲೆಗಳ ವಾರ್ಷಿಕೋತ್ಸವಕ್ಕೆ ಅವರನ್ನೇ ಕರೆಯುವುದು. ಅವರು ಚುನಾವಣೆಗೆ ನಿಂತಾಗ ಎದುರು ಪಕ್ಷದವರಿಗೆ ಬೇರೆ ಏನೂ ಸಿಗದೆ ಹಳೆಯ ಬೆಂಕಿಯ ಕತೆ ಎತ್ತಿದರು. ಕೇರಿಯವರ ಒಲೆ ತುಳಿದವನು ಸಮಾನತೆ ಮಾತಾಡ್ತಾನೆ ಅಂತ ಮೈಕಿನಲ್ಲಿ ಕೂಗಿಕೊಂಡು ಜೀಪು ತಿರುಗಿತು.

ಎದುರು ಪಕ್ಷದ ಪರವಾಗಿ ಶೇಂಗಾ ಮಂಡಿಯ ದಲಾಲರೊಬ್ಬರು ನನ್ನನ್ನು ಹುಡುಕಿಕೊಂಡು ಶಾಲೆಗೇ ಬಂದರು. "ನೋಡ್ರಿ ಟೀಚರ್, ನಿಮ್ಮ ತಾಯಿ ಬಂದು ಮೈಕ್ ಮುಂದೆ ಒಂದು ಮಾತು ಹೇಳಿದ್ರೆ ಸಾಕು. ನಿಮ್ಮ ಜನಕ್ಕೆ ನ್ಯಾಯ ಸಿಗ್ಲಿ ಅಂತ ನಮ್ಮ ಆಸೆ," ಅಂದರು.

"ನಿಮ್ಮ ಊರಾಗ ಕಾಮಣ್ಣಗ ಬೆಂಕಿ ಎಲ್ಲಿಂದ ತರ್ತೀರ್ರಿ?" ಅಂದೆ.

ಅವರು ಗಡಿಯಾರ ನೋಡಿಕೊಂಡರು. ಬಸ್ಸಿನ ಹೊತ್ತಾಯಿತು ಅಂದರು. ನ್ಯಾಯವೂ ಅವರ ಜೊತೆಗೇ ಬಸ್ ಹತ್ತಿ ಹೋಯಿತು.

ನಮ್ಮ ಹೆಡ್‌ಮಾಸ್ತರು ಒಳ್ಳೆಯ ಮನುಷ್ಯ, ವಕೀಲರ ಕಡೆ. ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಾ, "ಇಪ್ಪತ್ತರ ವಯಸ್ಸಿನ್ಯಾಗ ಮಾಡಿದ್ದಕ್ಕ ಈಗ ಶಿಕ್ಷೆ ಕೊಡಾದು ಯಾವ ನ್ಯಾಯರಿ? ಎಲ್ಲಾರೂ ಹೋಗ್ತಿದ್ರು, ಅವರೂ ಹೋಗ್ಯಾರ. ಹುಡುಗಾಟ," ಅಂದರು. ನಾನು ಕಪ್ಪು ಕೆಳಗಿಟ್ಟೆ. ನಮ್ಮ ಕೇರಿಯ ಇಪ್ಪತ್ತರ ಹುಡುಗನೊಬ್ಬ ಹಬ್ಬದ ದಿನ ದೊಡ್ಡ ಮನೆಯ ಅಡುಗೆಮನೆಗೆ ಚಪ್ಪಲಿ ಮೆಟ್ಟಿಕೊಂಡು ನುಗ್ಗಿದ್ದರೆ ಅದೂ ಹುಡುಗಾಟ ಆಗುತ್ತಿತ್ತೇನ್ರಿ ಸರ್ ಅಂತ ಕೇಳಿದೆ. ಅವರು ನೊಂದುಕೊಂಡರು. ನಿಮ್ಮಂಥ ಓದಿದವರೇ ಹೀಗೆ ಮನಸ್ಸಿನಲ್ಲಿ ಇಟ್ಟುಕೊಂಡರೆ ಹೇಗೆ ಅಂದರು. ಇಟ್ಟುಕೊಂಡದ್ದು ಮನಸ್ಸಿನಲ್ಲಲ್ಲ, ಅವ್ವನ ಕಾಲಲ್ಲಿ ಅನ್ನಬೇಕೆನ್ನುವಷ್ಟರಲ್ಲಿ ಗಂಟೆ ಹೊಡೆಯಿತು.

ಎರಡೂ ಕಡೆಯವರು ಜಗಳಾಡುತ್ತಿದ್ದುದು ಒಂದೇ ವಿಷಯಕ್ಕೆ: ಆ ಮನುಷ್ಯ ಆಗ ಕೆಟ್ಟವನಾಗಿದ್ದನೋ ಇಲ್ಲವೋ. ಬರುವ ಹೋಳಿಗೆ ನಮ್ಮ ಒಲೆಗೆ ಯಾರು ಬರುತ್ತಾರೆ ಅನ್ನುವುದನ್ನು ಒಬ್ಬನೂ ಎತ್ತಲಿಲ್ಲ. ನನಗೆ ಹೊಟ್ಟೆ ಉರಿದದ್ದು ಅದಕ್ಕೆ. ಆಣೆ ಮಾಡಿ ಹೇಳುತ್ತೇನೆ, ಇಪ್ಪತ್ತರ ಹುಡುಗನನ್ನು ನಾನು ಬಿಟ್ಟುಬಿಡುತ್ತಿದ್ದೆ. ಅಪ್ಪ, ಅಜ್ಜ ಹೋಗುತ್ತಿದ್ದ ದಾರಿಯಲ್ಲೇ ಅವನೂ ಹೋಗಿದ್ದ, ತಡೆಯುವವರು ಊರಲ್ಲಿ ಒಬ್ಬರೂ ಇರಲಿಲ್ಲ.

ಒಂದು ಭಾನುವಾರ ವಕೀಲರು ನಮ್ಮ ಮನೆಗೇ ಬಂದರು. ನಾನೂ ಇದ್ದೆ. ಅಂಗಳದಲ್ಲಿ ನಿಂತು ಕೈ ಮುಗಿದರು. "ಅವ್ವಾರ, ನಾ ಹುಡುಗ ಇದ್ದಾಗ ಈ ಮನಿಗೆ ಬೆಂಕಿ ಕದಿಯಾಕ ಬಂದೀನಿ. ಅದು ತಪ್ಪು. ಸಭಾದಾಗ ಎಲ್ಲಾರ ಮುಂದ ಒಪ್ಕೊಳ್ತೀನಿ. ನೀವು ಬಂದು ನನ್ನ ಪಕ್ಕದಾಗ ಕುಂದರ್ರಿ," ಅಂದರು. ನಮ್ಮ ಕೇರಿಯ ಹೆಂಗಸಿಗೆ ಊರಿನವರು 'ರಿ' ಹಚ್ಚಿ ಮಾತಾಡಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

ಅವ್ವ ಸೆರಗು ಸರಿಮಾಡಿಕೊಂಡಳು. "ಬರ್ತೀನ್ರಿ. ಒಂದು ಮಾತು ನಡಸಿಕೊಡ್ರಿ. ಇನ್ನ ಮ್ಯಾಲೆ ನನ್ನ ಒಲಿಗೆ ಯಾರೂ ಬರಬಾರದು."

"ಆತವ್ವಾರ. ನನ್ನ ಮಾತು ಅಂದ್ರ ಮಾತು," ಅಂದರು ವಕೀಲರು.

ಕೊಟ್ಟೂರಿನಲ್ಲಿ ಸಭೆ. ಅವ್ವನನ್ನು ವೇದಿಕೆಯ ಕುರ್ಚಿಯಲ್ಲಿ ಕೂರಿಸಿದರು. ಅವಳು ಎಡಗಾಲನ್ನು ಸೀರೆಯೊಳಗೆ ಎಳೆದುಕೊಂಡು ಕೂತಳು. ವಕೀಲರು ಚೆನ್ನಾಗಿ ಮಾತಾಡಿದರು, ಸುಳ್ಳು ಯಾಕೆ ಹೇಳಲಿ. ನಮ್ಮ ಹಿರಿಯರ ಪದ್ಧತಿಗಳಲ್ಲಿ ವಿಷ ಇದೆ, ಆ ವಿಷವನ್ನು ನಾನೂ ಕುಡಿದು ಕುಣಿದಿದ್ದೇನೆ, ಇವತ್ತು ನಾಚಿಕೆಯಾಗುತ್ತದೆ ಅಂದರು. ಜನ ಚಪ್ಪಾಳೆ ಹೊಡೆದರು. ಕಣ್ಣೊರೆಸಿಕೊಂಡವರೂ ಇದ್ದರು. ಮೈಕು ಬಿಟ್ಟು ಬಂದು ಬಗ್ಗಿ ಅವ್ವನ ಬಲಗಾಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಕ್ಯಾಮೆರಾ ಮಿಂಚಿತು. ಹೊರಗೆ ಕಾಣುತ್ತಿದ್ದದ್ದು ಅದೊಂದೇ ಕಾಲು. ಇನ್ನೊಂದಕ್ಕೆ ಏನಾಗಿದೆ ಅಂತ ಅವರಿಗೆ ಗೊತ್ತಿರಲಿಲ್ಲ, ಕೇಳಲೂ ಇಲ್ಲ.

ಬರುವಾಗ ಬಸ್ಸಿನಲ್ಲಿ, "ಹೇಳಬೇಕಿತ್ತವ್ವ, ತೋರಿಸಬೇಕಿತ್ತು," ಅಂದೆ.

"ಕಾಲು ತೋರಿಸಿ ಏನ್ ತಗೊಳ್ಳಲಿ? ಮಾತು ಕೊಟ್ಟಾನ, ಅಷ್ಟು ಸಾಕು," ಅಂದಳು.

ವಕೀಲರು ಗೆದ್ದರು, ಮಂಡಲದ ಪ್ರಧಾನರಾದರು. ಹೋಳಿ ಬಂತು. ಅವ್ವನಿಗೆ ಎಷ್ಟು ನಂಬಿಕೆಯಿತ್ತೋ ಅಷ್ಟೇ ಅನುಮಾನವೂ ಇತ್ತು. ಹಿಂದಿನ ಸಂಜೆಯೇ ಮನೆ ಮನೆಗೆ ಹೋಗಿ ಹೇಳಿ ಬಂದಳು. ಹಬ್ಬದ ಬೆಳಿಗ್ಗೆ ಕೇರಿಯಲ್ಲಿ ಒಂದು ಒಲೆಯೂ ಉರಿಯಲಿಲ್ಲ. ಬೂದಿಯನ್ನೂ ಎತ್ತಿ ಹೊರಗೆ ಹಾಕಿದ್ದರು. ಮಕ್ಕಳಿಗೆ ತಂಗಳ ರೊಟ್ಟಿ ಕೊಟ್ಟು ಎಲ್ಲರೂ ಬಾಗಿಲಲ್ಲಿ ಕೂತಿದ್ದರು. ನಾನು ರಜೆ ಹಾಕಿ ಬಂದಿದ್ದೆ. ಅವ್ವ ಒಲೆಗೆ ಕೆಮ್ಮಣ್ಣು ಬಳಿದು ಚೊಕ್ಕ ಮಾಡಿ ಅದರ ಮುಂದೆ ಕೂತಳು. ಅವಳ ಮುಖ ಅಷ್ಟು ಹಗುರಾಗಿದ್ದದ್ದನ್ನು ನಾನು ಯಾವ ಹೋಳಿಯಲ್ಲೂ ಕಂಡಿರಲಿಲ್ಲ.

ಹಲಗೆ ಹಳ್ಳ ದಾಟಿತು. ಈ ಸಲ ಬೈಗುಳ ಇರಲಿಲ್ಲ, ಬಾಯಿ ಬಡಿದುಕೊಳ್ಳುವುದೂ ಇರಲಿಲ್ಲ. ಮುಂದೆ ಪ್ರಧಾನರು, ಹಿಂದೆ ಊರಿನ ಹಿರಿಯರು, ಹುಡುಗರು, ಪೇಪರಿನವನೊಬ್ಬ. ಪ್ರಧಾನರು ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಬಂದರು.

"ಕದಿಯಾಕ ಬಂದಿಲ್ಲವ್ವ. ಆ ಪದ್ಧತಿ ನಾ ನಿಲ್ಲಿಸೀನಿ. ಮರ್ಯಾದಿಯಿಂದ ಕೇಳಿ ಒಯ್ಯಾಕ ಬಂದೀವಿ," ಅಂದರು.

"ಯಾರೂ ಬರಾದಿಲ್ಲ ಅಂದಿದ್ರಿ," ಅಂದಳು ಅವ್ವ.

"ಬ್ಯಾಡ ಅಂದ್ರ ಊರು ಒಪ್ಪವಲ್ದು. ಮಳಿ ಹೋಗತೈತಿ ಅಂತಾರ. ಮಂದಿ ಭಾವನೆ ಐತಿ, ನನ್ನ ಕಷ್ಟ ನೀನೂ ತಿಳ್ಕಾ."

'ರಿ' ಬಿದ್ದುಹೋಗಿದ್ದು ನನ್ನ ಗಮನಕ್ಕೆ ಬಂತು. ಅವ್ವ ಒಲೆಯ ಕಡೆ ಕೈ ತೋರಿಸಿದಳು. ಒಲೆಯಲ್ಲಿ ಬೆಂಕಿ ಇರಲಿಲ್ಲ, ಬೂದಿ ಇರಲಿಲ್ಲ, ಹಸಿ ಮಣ್ಣಿನ ವಾಸನೆ ಮಾತ್ರ. ಹಿರಿಯರು ಮುಖ ಮುಖ ನೋಡಿಕೊಂಡರು. ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿಯಾಯಿತು. ಅದು ಉಳಿದದ್ದು ಸ್ವಲ್ಪ ಹೊತ್ತು.

ಪ್ರಧಾನರು ಜುಬ್ಬದ ಜೇಬಿನಿಂದ ಬೆಂಕಿಪೆಟ್ಟಿಗೆ ತೆಗೆದರು. ನಮ್ಮ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಮೂಲೆಯಲ್ಲಿದ್ದ ನಮ್ಮದೇ ಕುಳ್ಳು, ನಮ್ಮದೇ ಪುಳ್ಳೆಕಟ್ಟಿಗೆ ಒಳಗಿಟ್ಟು ಕಡ್ಡಿ ಗೀರಿದರು. ಬಾಗಿ ಊದಿದರು. ಬೆಂಕಿ ಹತ್ತಿತು. ಹತ್ತಿದ ಬೆಂಕಿಯಿಂದ ಒಂದು ಕೊಳ್ಳಿ ಎತ್ತಿಕೊಂಡರು.

ಅವ್ವ ಅವರನ್ನೇ ನೋಡುತ್ತಿದ್ದಳು. "ಕಡ್ಡಿ ನಿಮ್ದು, ಪೆಟ್ಟಿಗಿ ನಿಮ್ದು. ಊದಿದ್ದೂ ನೀವ. ಮತ್ತ ನನ್ನ ಒಲಿ ಯಾಕ ಬೇಕ್ರಿ ನಿಮಗ?" ಅಂದಳು.

ಸಮಾನತೆಯ ಮೇಲೆ ಗಂಟೆಗಟ್ಟಲೆ ಮಾತಾಡುವ ಪ್ರಧಾನರು ಕೊಳ್ಳಿಯ ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ಎದ್ದರು, ನಮಸ್ಕಾರ ಹೇಳಿದರು, ಹೋದರು. ಹಲಗೆ ಮತ್ತೆ ಶುರುವಾಯಿತು. ಪೇಪರಿನಲ್ಲಿ ಬಂದದ್ದು ಏನೆಂದರೆ, ಹಳೆಯ ಕೆಟ್ಟ ಪದ್ಧತಿಯೊಂದು ನಮ್ಮೂರಿನಲ್ಲಿ ಸೌಹಾರ್ದದ ಹಬ್ಬವಾಗಿ ಮಾರ್ಪಟ್ಟಿದೆ ಅಂತ. ಹೆಡ್‌ಮಾಸ್ತರು ಅದನ್ನು ಕತ್ತರಿಸಿ ನೋಟಿಸ್ ಬೋರ್ಡಿಗೆ ಹಚ್ಚಿದರು. ಮನುಷ್ಯ ಬದಲಾಗ್ತಾನೆ ನೋಡ್ರಿ ಅಂದರು ನನಗೆ.

ಅವತ್ತು ಅವರು ಹೋದ ಮೇಲೆ ಅವ್ವ ಒಲೆಗೆ ಒಂದು ಚೆಂಬು ನೀರು ಸುರಿದಳು. ಆಮೇಲೆ ಹಾರೆ ತಂದು ಒಲೆಯನ್ನೇ ಕಿತ್ತಳು. ಅವಳೇ ಮಣ್ಣು ತುಳಿದು ಹಾಕಿದ ಒಲೆ, ಅವಳು ಮದುವೆಯಾಗಿ ಬಂದಾಗಿನದು. ನಾನು ಹಾರೆ ಕೊಡು ಅಂದರೂ ಕೊಡಲಿಲ್ಲ. ಹೆಂಟೆಗಳನ್ನು ಬುಟ್ಟಿಯಲ್ಲಿ ತುಂಬಿ ಹಳ್ಳಕ್ಕೆ ಹಾಕಿ ಬಂದಳು. ಮರುವಾರ ನಾನು ಹರಪನಹಳ್ಳಿಯಿಂದ ಸೀಮೆಎಣ್ಣೆ ಸ್ಟೋವು ತಂದುಕೊಟ್ಟೆ. ಅದರ ಮೇಲೆ ರೊಟ್ಟಿ ಸರಿಯಾಗಿ ಬೇಯುತ್ತಿರಲಿಲ್ಲ, ಎಣ್ಣೆಯ ವಾಸನೆ ಬರುತ್ತಿತ್ತು. ಅವ್ವ ಒಂದು ದಿನವೂ ಗೊಣಗಲಿಲ್ಲ. ಇನ್ನು ಅವರಿಗೆ ನಮ್ಮ ಮನೆಯಲ್ಲಿ ಕೆಲಸವಿಲ್ಲ ಅಂದುಕೊಂಡೆವು.

ಮರುವರ್ಷದ ಹೋಳಿಗೂ ನಾನು ಊರಲ್ಲಿದ್ದೆ. ಹಲಗೆ ಹಳ್ಳ ದಾಟಿ ಬಂತು. ಅವ್ವ ಬಾಗಿಲಲ್ಲಿ ಅಡ್ಡ ನಿಂತಿದ್ದಳು. ಪ್ರಧಾನರು ಅವಳನ್ನು ನೋಡಿ ನಕ್ಕರು.

"ಏನವ್ವ, ಆರಾಮ ಅದೀಯಾ?"

ಉತ್ತರಕ್ಕೆ ಕಾಯದೆ, ಒಲೆಯಿಲ್ಲದ ನಮ್ಮ ಮನೆ ದಾಟಿ ಎರಡನೆಯ ಮನೆಯ ಮುಂದೆ ನಿಂತು ಚಪ್ಪಲಿ ಬಿಟ್ಟರು, ಕೈ ಮುಗಿದರು. ಒಳಗೆ ಆ ಮನೆಯ ಹೊಸ ಸೊಸೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು.