ಅಂಗಿಯ ಮೇಲಿನ ‘ರೀ’

ದೇಹದ ಇನ್ನೂರಾ ಆರು ಎಲುಬುಗಳ ಹೆಸರನ್ನು ನಾನು ಒಂದೂ ತಪ್ಪದೆ ಹೇಳಬಲ್ಲೆ. ಗಂಡನ ಹೆಸರು ಹೇಳು ಎಂದರೆ ಮಾತ್ರ ನಾಲಿಗೆ ಏಳುವುದಿಲ್ಲ. ನಗಬೇಡಿ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲು. ದೊಡವಾಡದಿಂದ ಬೈಲಹೊಂಗಲಕ್ಕೆ ಎರಡು ವರ್ಷ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದು ಕಾಲೇಜಿಗೆ ಹೋದವಳು. ಆಮೇಲೆ ಧಾರವಾಡದಲ್ಲಿ ನರ್ಸಿಂಗ್ ಓದುವಾಗ ಇಂಗ್ಲಿಷ್ ಪುಸ್ತಕದ ಪುಟಪುಟಕ್ಕೂ ಅತ್ತವಳು. ಆ ಪದವಿಯ ಬಗ್ಗೆ ನನಗೆ ಜಂಬವಿದೆ, ಮುಚ್ಚಿಡುವುದಿಲ್ಲ. ಇಷ್ಟೆಲ್ಲ ಓದಿದರೂ ಅಜ್ಜಿಯ ಹಾಗೆ, ಅವ್ವನ ಹಾಗೆ, ನಾನೂ ಗಂಡನನ್ನು ಕರೆಯುವುದು ‘ರೀ’ ಎಂದೇ. ಬರೆ ಎಂದರೆ ಬರೆದೇನು. ವೀಸಾದ ಅರ್ಜಿಯಲ್ಲಿ ಎಷ್ಟು ಸಲ ಬರೆದಿದ್ದೇನೋ. ಬಾಯಿಂದ ಬರುವುದಿಲ್ಲ.

ಬಂದದ್ದು ಒಂದೇ ಸಲ. ಮದುವೆಯಾಗಿ ಸವದತ್ತಿಯಲ್ಲಿ ಅವರ ಮನೆಯ ಹೊಸ್ತಿಲಿಗೆ ಬಂದಾಗ ನಾದಿನಿ ಎರಡೂ ಕೈ ಚಾಚಿ ಬಾಗಿಲು ತಡೆದಳು.

“ಡಿಗ್ರಿ ಮಾಡೀರಂತಲ್ರಿ ವೈನಿ, ಹೆಸರ ಹೇಳಿ ಒಳಗ ಬರ್ರಿ!”

ನಮ್ಮ ಕಡೆ ಇದಕ್ಕೊಂದು ಉಪಾಯವಿದೆ, ಒಡಪು ಎನ್ನುತ್ತಾರೆ. ಎರಡು ಸಾಲಿನ ಪದ್ಯ ಕಟ್ಟಿ, ಹೋಳಿಗೆಯೊಳಗೆ ಹೂರಣ ತುಂಬುವಂತೆ ಅದರೊಳಗೆ ಗಂಡನ ಹೆಸರನ್ನು ತುಂಬಿ ಹೇಳಿಬಿಡುವುದು. ಅಜ್ಜಿ ಕಲಿಸಿದ್ದನ್ನು ಗಡಬಡಿಸಿ ಒಪ್ಪಿಸಿದೆ, ಒಳಗೆ ಹೋದೆ. ಆ ಹೆಸರಿನ ಕೆಲಸ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ಎರಡು ವರ್ಷದ ಹಿಂದೆ ನನಗೆ ಐರ್ಲೆಂಡಿನ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಸವದತ್ತಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟಿದ್ದ ನನ್ನವರು ಅದಕ್ಕೆ ಬೀಗ ಹಾಕಿ ನನ್ನ ಜೊತೆ ಹೊರಟರು. ಗಂಡನ ಹಿಂದೆ ಹೆಂಡತಿ ಹೋಗುವುದನ್ನು ಯಾರೂ ಸುದ್ದಿ ಮಾಡುವುದಿಲ್ಲ. ಹೆಂಡತಿಯ ಹಿಂದೆ ಗಂಡ ಹೊರಟರೆ ಬಸ್‌ಸ್ಟ್ಯಾಂಡಿನ ಚಾದಂಗಡಿಯವರೆಗೂ ಸುದ್ದಿ. ಅದನ್ನೆಲ್ಲ ನುಂಗಿಕೊಂಡು ಬಂದವರು ಅವರು.

ಪಕ್ಕದ ಮನೆಯಲ್ಲಿ ನೋರಾ ಎಂಬ ನಿವೃತ್ತ ಶಿಕ್ಷಕಿ, ಒಬ್ಬರೇ ಇದ್ದರು. ಅವರ ಹುಲ್ಲು ಕತ್ತರಿಸುವ ಯಂತ್ರ ಕೆಟ್ಟು ನಿಂತದ್ದನ್ನು ನನ್ನವರು ಬೇಲಿಯ ಆಚೆಯಿಂದ ನೋಡಿದರು. ಕೈ ಸುಮ್ಮನಿರಲಿಲ್ಲ, ದಾಟಿ ಹೋಗಿ ಬಿಚ್ಚಿ ಕೂತರು. ಮರುದಿನ ನೋರಾ ಮನೆಯಲ್ಲೇ ಬ್ರೆಡ್ ಮಾಡಿ ತಂದರು. ನಾವು ಅದಕ್ಕೆ ಶೇಂಗಾ ಹಿಂಡಿ, ನಮ್ಮ ಖಾರದ ಚಟ್ನಿಪುಡಿ, ಹಚ್ಚಿ ಕೊಟ್ಟೆವು. ಮೂಗು ಒರೆಸಿಕೊಳ್ಳುತ್ತ ತಿಂದರು, ಕಣ್ಣೀರು ಇಳಿಸುತ್ತ ಇನ್ನೊಂದು ಚಮಚ ಕೇಳಿದರು. ಅಲ್ಲಿಂದ ನಮ್ಮ ಸ್ನೇಹ ಬೇಲಿಯನ್ನು ಲೆಕ್ಕಕ್ಕಿಡಲಿಲ್ಲ.

ನಾನು ಅಡುಗೆಮನೆಯಿಂದ ದಿನವಿಡೀ ಕೂಗುವುದು ನೋರಾ ಕಿವಿಗೆ ಬೀಳುತ್ತಲೇ ಇತ್ತಲ್ಲ, ಅದೇ ಹೆಸರು ಎಂದು ತಿಳಿದರು. ತಿಂಗಳೊಪ್ಪತ್ತಿನಲ್ಲಿ ನನ್ನವರು ಊರಿಗೆಲ್ಲ ‘ರೀ’ ಆದರು. ಕಿರಾಣಿ ಅಂಗಡಿಯಲ್ಲಿ “ಹಲೋ ರೀ”, ಬಸ್ಸಿನಲ್ಲಿ “ಗುಡ್ ಮಾರ್ನಿಂಗ್ ರೀ”. ಮೊದಮೊದಲು ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಊರಿನ ಗಂಡಸರು ಹೆಂಗಸರೆಲ್ಲ ನನ್ನ ಗಂಡನನ್ನು ಹೆಂಡತಿಯ ಹಾಗೆ ಕರೆಯುತ್ತಿದ್ದರೆ ನಗದೆ ಇನ್ನೇನು ಮಾಡಲಿ? ನನ್ನವರೂ ನಗುತ್ತಿದ್ದರು, ಅಥವಾ ನಗುತ್ತಿದ್ದಾರೆ ಎಂದು ನಾನು ತಿಳಿದಿದ್ದೆ.

ಹೋದ ವರ್ಷ ನೋರಾ ತಮ್ಮ ಅಣ್ಣನ ಮಗನ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ನನ್ನವರಿಗೆ ಕೆಲಸ ಕೊಡಿಸಿದರು. ಸೋಮವಾರದಿಂದ ಬರಬೇಕು. ಶನಿವಾರ ಹೋಗಿ ಕೆಲಸದ ಅಂಗಿ ತಂದರು. ನೀಲಿ ಅಂಗಿ, ಎಡಗಡೆ ಎದೆಯ ಮೇಲೆ ಕೆಂಪು ದಾರದಲ್ಲಿ ಇಂಗ್ಲಿಷ್ ಅಕ್ಷರದ ‘ರೀ’.

“ಭಾಳ ಚಂದ ಐತೆಲ್ರಿ!” ಎಂದು ನಾನು ನಗಲು ಶುರುಮಾಡಿದೆ.

“ಚಂದ ಐತಿ. ಸವದತ್ತ್ಯಾಗ ಬೋರ್ಡಿನ ಮ್ಯಾಲ ನಮ್ಮಪ್ಪ ಇಟ್ಟ ಹೆಸರಿತ್ತು. ಇಲ್ಲೆ ಎದಿ ಮ್ಯಾಲ ಹೇಣ್ತಿ ಕೂಗೂದು ಹೊಲದಾರ.”

“ಖರೇ ಹೆಸರು ನೀವ ಹೇಳಬೇಕಿತ್ತಿಲ್ರಿ?”

“ಹೇಳಿದ್ನೆಲ್ಲ! ಅದು ಕಾಗದದಾಗಿಂದು, ಮನ್ಯಾಗ ಕರಿಯೂದು ರೀ ಅಂತ ನೋರಾಬಾಯಿ ಹೇಳ್ಯಾರ ಅಂದ್ರು ಗ್ಯಾರೇಜಿನವ್ರು. ನೀ ಒಂದ ಸಲ ಬಾಯಿ ತೆರದಿದ್ರ ಈ ಫಜೀತಿ ಇರ್ತಿದ್ದಿಲ್ಲ.” ಅಂಗಿಯನ್ನು ಮಡಚಿ ಕುರ್ಚಿಯ ಮೇಲಿಟ್ಟರು. “ನಾ ಊರಿಗೆ ಹೋಗ್ತೇನಿ, ಸಾವಿತ್ರಿ. ಅಲ್ಲೆ ನಾ ಯಾರಂತ ಮಂದಿಗೆ ಗೊತ್ತೈತಿ.”

ನನ್ನ ನಗು ಅಲ್ಲೇ ನಿಂತಿತು. ನಾನು ನನ್ನ ಹೆಸರಿನ ಮುಂದೆ ಡಿಗ್ರಿ ಕಟ್ಟಿಕೊಂಡು ಮೆರೆಯುತ್ತಿದ್ದೆ. ಅವರಿಗಿದ್ದದ್ದು ಬರೀ ಹೆಸರು, ಅದನ್ನು ಮರ್ಯಾದೆಯ ಹೆಸರಿನಲ್ಲಿ ನಾನೇ ನುಂಗಿ ಕೂತಿದ್ದೆ.

ಸಂಜೆ ನೋರಾರನ್ನು ಚಹಾಕ್ಕೆ ಕರೆದೆ. ‘ರೀ’ ಹೆಸರಲ್ಲ ಎಂದು ಬಿಡಿಸಿ ಹೇಳಿದೆ. ಅವರಿಗೆ ಆಶ್ಚರ್ಯ.

“ನಮ್ಮ ಹಳೆಯ ಐರಿಷ್ ಭಾಷೆಯಲ್ಲಿ ರೀ ಎಂದರೆ ರಾಜ,” ಎಂದರು. “ಹೆಸರೇ ಹಾಗಿರಬೇಕು ಎಂದುಕೊಂಡೆ. ದಿನಕ್ಕೆ ನೂರು ಸಲ ಗಂಡನನ್ನು ರಾಜ ಎನ್ನುತ್ತೀಯಲ್ಲ ಎಂದುಕೊಳ್ಳುತ್ತ ಕಿವಿಗೊಟ್ಟು ಕೂಡುತ್ತಿದ್ದೆ. ನನ್ನ ಗಂಡ ಇದ್ದಾಗ ನಾನು ಒಂದು ಸಲವೂ ಹಾಗೆ ಕರೆಯಲಿಲ್ಲ.” ಆಮೇಲೆ ಕೇಳಿದರು, “ನನಗೂ ಬರ್ರಿ, ಕುಂದರ್ರಿ ಎನ್ನುತ್ತೀಯಲ್ಲ, ಅದೂ ಇದೇ ಏನು?”

ಇದೇ ಎಂದೆ. ನಮ್ಮ ಊರುಗಳ ಮಾತನ್ನು ಆ ಕಿವಿಯಿಂದ ಕೇಳಿಕೊಂಡರೆ ಹೇಗಿರುತ್ತದೆ, ಯೋಚಿಸಿ ನೋಡಿ. ಬೈಲಹೊಂಗಲದ ಬಸ್ಸಿನಲ್ಲಿ ಕಂಡಕ್ಟರ್ “ಹಿಂದ ಸರೀರಿ, ಇಳೀರಿ” ಎಂದು ಗದರುತ್ತಾನಲ್ಲ, ಅದು ಬಸ್ಸು ತುಂಬ ರಾಜರನ್ನು ಗದರಿದ ಹಾಗೆ. ಬಳೆಗಾರ ರಾಜ, ಹತ್ತಿ ತೂಗುವವ ರಾಜ, ಜಗಳಕ್ಕೆ ನಿಂತವನೂ “ಏನ್ರಿ, ಹೆಂಗೈತ್ರಿ ಮೈಯಾಗ?” ಎನ್ನಿಸಿಕೊಂಡು ರಾಜನಾಗಿಯೇ ಒದೆ ತಿನ್ನುತ್ತಾನೆ. ಆದರೆ ಎಲ್ಲರಿಗೂ ಸಲ್ಲುವುದು ಯಾವ ಒಬ್ಬನ ಹೆಸರೂ ಆಗುವುದಿಲ್ಲ. ನನ್ನವರ ದುಃಖ ಅದೇ ಇತ್ತು.

“ಹಾಗಾದರೆ ನಿಜವಾದ ಹೆಸರೇನು?” ಎಂದರು ನೋರಾ. ನನ್ನವರು ಹೇಳಬಹುದಿತ್ತು. ಆದರೆ ಚಹಾದ ಕಪ್ಪು ಹಿಡಿದು ನನ್ನ ಮುಖ ನೋಡುತ್ತ ಕೂತರು.

 ಪರೀಕ್ಷೆಯ ಕೋಣೆಯಲ್ಲಿಯೂ ನಾನು ಅಷ್ಟು ಹೆದರಿರಲಿಲ್ಲ. ಕಡೆಗೆ ಎದ್ದು ನಿಂತೆ, ಸ್ವೆಟರಿನ ಮೇಲೆ ಇಲ್ಲದ ಸೆರಗನ್ನು ಸರಿಮಾಡಿಕೊಂಡೆ, ಅಜ್ಜಿಯ ಒಡಪನ್ನೇ ಹೇಳಿದೆ:

“ಹಂಚಿನ ಮ್ಯಾಲ ಜ್ವಾಳದ ರೊಟ್ಟಿ, ರೊಟ್ಟಿ ಮ್ಯಾಲ ಬೆಣ್ಣಿ ಮುದ್ದಿ,
ಫಕೀರಪ್ಪನವರ ಕೈ ಹಿಡದ ಮ್ಯಾಲ ನನಗ ಬಂತು ಬುದ್ಧಿ.”

“ಬುದ್ಧಿ ಬರಾಕ ಐರ್ಲೆಂಡಿಗೆ ಬರಬೇಕಾತು ನೋಡ್ರಿ,” ಎಂದರು ಫಕೀರಪ್ಪನವರು. ಅವರ ದನಿಯಲ್ಲಿ ನಗು ಕೇಳಿ ನನಗೆ ಜೀವ ಬಂದಂತಾಯಿತು.

ಹೆಸರಿನ ಅರ್ಥ ಕೇಳಿ ನೋರಾ ಕಣ್ಣರಳಿಸಿದರು. ಏನೂ ಇಲ್ಲದ ಫಕೀರನನ್ನು ಇಷ್ಟು ದಿನ ಊರವರೆಲ್ಲ ರಾಜ ಎಂದಿದ್ದರು. ಆ ಫಕೀರನೋ, ರಾಜ ಪದವಿ ಸಾಕು, ನನ್ನ ಹೆಸರು ಕೊಡಿ ಎಂದು ಹಟ ಹಿಡಿದಿದ್ದ.

ಸೋಮವಾರ ನನ್ನವರು ಕೆಲಸಕ್ಕೆ ಹೋದರು. ವಾರದಲ್ಲಿ ಹೊಸ ಅಂಗಿ ಬಂತು. ಹೆಸರು ಪೂರಾ ಇತ್ತು, ಗುಂಡಿಯಿಂದ ಹೊರಟು ಕಂಕುಳಿನವರೆಗೆ. ಹಳೆಯದನ್ನು ಮನೆಯಲ್ಲಿ ತೊಡುತ್ತಾರೆ, ಏಕೆಂದರೆ ಮನೆಯಲ್ಲಿ ನಾನು ಈಗಲೂ ‘ರೀ’ ಎಂದೇ ಕೂಗುತ್ತೇನೆ. ಹೊರಗಿನವರು ಕೇಳಿದರೆ ಮಾತ್ರ ಹೆಸರು ಹೇಳುತ್ತೇನೆ, ಕಿವಿ ಕೆಂಪಾದರೂ.

ಮೊನ್ನೆ ನೋರಾ ಬಂದಾಗ ನನ್ನವರು ಎರಡೂ ಕೈ ಚಾಚಿ ಬಾಗಿಲು ತಡೆದರು. “ಹೆಸರ ಹೇಳಿ ಒಳಗ ಬರ್ರಿ!”

ನಮ್ಮ ಹೊಸ್ತಿಲಿನ ಒಡಪಿನ ಕತೆಯನ್ನು ಚಹಾದ ದಿನವೇ ಕೇಳಿದ್ದ ನೋರಾಗೆ, ನಾನು ಇಂಗ್ಲಿಷಿನಲ್ಲಿ ತಿಳಿಸುವ ಮೊದಲೇ ತಿಳಿದಿತ್ತು. ಕೊಡೆ ಮಡಚಿದರು.  ಆಮೇಲೆ ತಮ್ಮ ಹಳೆಯ ಭಾಷೆಯಲ್ಲಿ ಪ್ರಾಸ ಹಚ್ಚಿ ಎರಡು ಸಾಲು ಹೇಳಿದರು. ಒಂದು ಅಕ್ಷರವೂ ನಮಗೆ ತಿಳಿಯಲಿಲ್ಲ. ನಡುವೆ ‘ಮೈಕಲ್’ ಎಂದು ತೀರಿಹೋದ ಗಂಡನ ಹೆಸರು ಹೇಳಿದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಅದರ ಹಿಂದೆಯೇ, ಇನ್ನೂ ಮೆಲ್ಲಗೆ, ‘ರೀ’ ಎಂದರು.

ನನ್ನವರು ಬಾಗಿಲು ಬಿಟ್ಟು ಸರಿದು ನಿಂತರು.